ಕರೆ ಹೋಗುತ್ತದೆ, ನೆಟ್ ಬರುವುದಿಲ್ಲ

ಓದುಗರ ಪ್ರಶ್ನೆಗಳಿಗೆ ಉತ್ತರ

ಮೊಬೈಲ್ ಡೇಟಾದ ತೊಂದರೆಗಳ ಬಗ್ಗೆ ಬರೆಯಿರಿ ಎಂದು ಕಳೆದ ಸಂಚಿಕೆಯಲ್ಲಿ ಕೇಳಿಕೊಂಡಿದ್ದಕ್ಕೆ ಬಂದ ಪತ್ರಗಳಲ್ಲಿ ಹೆಚ್ಚಿನವು ಉತ್ತರ ಕನ್ನಡ ಜಿಲ್ಲೆಯವು. ಕರಾವಳಿಯವರ ಕಷ್ಟ ಒಂದು ಬಗೆಯದಾದರೆ ಘಟ್ಟದ ಮೇಲಿನವರದು ಇನ್ನೊಂದು ಬಗೆಯದು. ಆದರೆ ಇಬ್ಬರೂ ಕೊನೆಗೆ ಬಂದು ನಿಂತಿರುವುದು ‘ಎಪಿಎನ್’ ಎಂಬ ಮೂರಕ್ಷರದ ಎದುರಿಗೆ. ಒಂದೇ ವಿಷಯದ ಪತ್ರಗಳನ್ನು ಒಟ್ಟುಗೂಡಿಸಿ, ಬರೆದವರ ಹೆಸರು ಬಿಟ್ಟು, ಊರನ್ನು ಮಾತ್ರ ಉಳಿಸಿಕೊಂಡು ಇಲ್ಲಿ ಉತ್ತರಿಸಿದ್ದೇನೆ.

ಪ್ರಶ್ನೆ: ನಾನು ನಿವೃತ್ತ ಶಿಕ್ಷಕ. ಹಳೆಯ ಸಿಮ್ ಕೊಟ್ಟು ಕಳೆದ ವಾರ 4ಜಿ ಸಿಮ್ ಪಡೆದುಕೊಂಡೆ. ಕರೆ ಬರುತ್ತದೆ, ಹೋಗುತ್ತದೆ, ಸಿಗ್ನಲ್ ಗೆರೆಗಳೂ ತುಂಬಿವೆ. ಆದರೆ ವಾಟ್ಸಾಪಿನಲ್ಲಿ ಒಂದು ಸಂದೇಶವೂ ಹೋಗುವುದಿಲ್ಲ. ಮೊಬೈಲ್ ಅಂಗಡಿಯ ಹುಡುಗ ‘ಎಪಿಎನ್ ಹಾಕಬೇಕು’ ಎಂದು ಒಂದು ಚೀಟಿಯಲ್ಲಿ ಬರೆದುಕೊಟ್ಟ. ಅದರಂತೆ ತುಂಬಿದರೆ ನಾನು ಬರೆದದ್ದು ಫೋನಿನಲ್ಲಿ ಉಳಿಯುವುದೇ ಇಲ್ಲ. ಎಪಿಎನ್ ಎಂದರೇನು? ನಾನೇ ಅದನ್ನು ತುಂಬಬಹುದೇ?
— ಅಂಕೋಲಾದಿಂದ ಓದುಗರೊಬ್ಬರು

ಉತ್ತರ: ಖಂಡಿತ ತುಂಬಬಹುದು. ಹುಡುಗ ರೋಗವನ್ನು ಸರಿಯಾಗಿಯೇ ಗುರುತಿಸಿದ್ದಾನೆ. ಔಷಧವನ್ನು ಹೇಗೆ ತೆಗೆದುಕೊಳ್ಳಬೇಕೆಂದು ಮಾತ್ರ ಅರ್ಧಕ್ಕೆ ಹೇಳಿದ್ದಾನೆ.

ಎಪಿಎನ್ ಎಂದರೆ ‘ಆಕ್ಸೆಸ್ ಪಾಯಿಂಟ್ ನೇಮ್’. ಫೋನು ಟವರಿನ ಜೊತೆ ಮಾತಾಡುವುದು ಒಂದು ಹಂತ; ಟವರಿನ ಹಿಂದಿರುವ ಕಂಪನಿಯ ಜಾಲವನ್ನು ಹಾದು ಇಂಟರ್‌ನೆಟ್ಟಿಗೆ ತೆರೆದುಕೊಳ್ಳುವ ಬಾಗಿಲನ್ನು ತಲುಪುವುದು ಎರಡನೆಯ ಹಂತ. ಒಂದೊಂದು ಕಂಪನಿಯ ಜಾಲದಲ್ಲಿಯೂ ಇಂಥ ಬಾಗಿಲುಗಳು ಹಲವು ಇರುತ್ತವೆ, ಒಂದೊಂದಕ್ಕೂ ಒಂದು ಹೆಸರಿರುತ್ತದೆ, ಆ ಹೆಸರೇ ಎಪಿಎನ್. ಕುಮಟಾ ನಿಲ್ದಾಣದಲ್ಲಿ ಬಸ್ಸು ಹತ್ತಿ ಸೀಟು ಹಿಡಿದ ಮಾತ್ರಕ್ಕೆ ಕಂಡಕ್ಟರ್ ಟಿಕೆಟ್ ಹರಿಯುವುದಿಲ್ಲವಲ್ಲ, ‘ಎಲ್ಲಿಗೆ?’ ಎಂದು ಕೇಳಿದಾಗ ಆ ಬಸ್ಸು ಹೋಗುವ ದಾರಿಯಲ್ಲಿರುವ ಊರಿನ ಹೆಸರನ್ನೇ ಹೇಳಬೇಕು. ತಮ್ಮ ಫೋನು ಈಗ ಬಸ್ಸಿನಲ್ಲಿ ಕುಳಿತಿದೆ, ಊರಿನ ಹೆಸರನ್ನು ತಪ್ಪಾಗಿ ಹೇಳುತ್ತಿದೆ.

ಹಾಗಾದರೆ ಕರೆಗಳು ಹೇಗೆ ಹೋಗುತ್ತಿವೆ ಎಂದು ತಾವು ಕೇಳುವುದು ಸಹಜ. 4ಜಿಯಲ್ಲಿ ಕರೆ ಮಾಡುವ ವೋಲ್ಟಿ ವ್ಯವಸ್ಥೆಗೆ ‘ಐಎಂಎಸ್’ ಎಂಬ ಪ್ರತ್ಯೇಕ ಬಾಗಿಲು ಇದೆ, ಅದನ್ನು ಫೋನು ತಾನಾಗಿಯೇ ಕೇಳಿ ಪಡೆಯುತ್ತದೆ; ಫೋನು 2ಜಿಗೆ ಇಳಿದು ಕರೆ ಮಾಡುವುದಾದರೆ ಅದಕ್ಕೆ ಎಪಿಎನ್ನಿನ ಹಂಗೇ ಇಲ್ಲ. ಆದ್ದರಿಂದ ಕರೆ ಹೋಗುತ್ತದೆ, ಗೆರೆಗಳು ತುಂಬಿವೆ, ನೆಟ್ ಮಾತ್ರ ಇಲ್ಲ ಎಂಬ ಮೂರೂ ಒಟ್ಟಿಗೆ ಕಂಡುಬಂದರೆ, ರಿಚಾರ್ಜ್ ಅವಧಿ ಮುಗಿದಿಲ್ಲ ಮತ್ತು ‘ಮೊಬೈಲ್ ಡೇಟಾ’ ಗುಂಡಿ ಆನ್ ಇದೆ ಎಂದು ಖಚಿತಪಡಿಸಿಕೊಂಡ ಮೇಲೆ, ಎಪಿಎನ್ ಮೇಲೆ ಅನುಮಾನಪಡುವುದು ನ್ಯಾಯ.

ಇನ್ನು ತುಂಬುವ ವಿಚಾರ. ಆಂಡ್ರಾಯ್ಡ್ ಫೋನಿನಲ್ಲಿ ಸೆಟ್ಟಿಂಗ್ಸ್ ತೆರೆದು ‘ನೆಟ್‌ವರ್ಕ್ ಅಂಡ್ ಇಂಟರ್‌ನೆಟ್’, ಅದರೊಳಗೆ ‘ಸಿಮ್ಸ್’, ಅದರೊಳಗೆ ‘ಆಕ್ಸೆಸ್ ಪಾಯಿಂಟ್ ನೇಮ್ಸ್’ ಎಂದು ಹೋಗಬೇಕು. ಸ್ಯಾಮ್‌ಸಂಗ್ ಫೋನಿನಲ್ಲಿ ‘ಕನೆಕ್ಷನ್ಸ್’ ಒಳಗಿನ ‘ಮೊಬೈಲ್ ನೆಟ್‌ವರ್ಕ್ಸ್’ನಲ್ಲಿಯೂ, ರೆಡ್‌ಮಿ ಫೋನಿನಲ್ಲಿ ಸಿಮ್ ಕಾರ್ಡುಗಳ ಪಟ್ಟಿಯಲ್ಲಿ ಆಯಾ ಸಿಮ್ಮನ್ನು ಒತ್ತಿದ ಮೇಲೂ ಇದು ಸಿಗುತ್ತದೆ. ಎರಡು ಸಿಮ್ ಇರುವ ಫೋನಾದರೆ ಇಲ್ಲೊಂದು ಎಚ್ಚರ ಬೇಕು: ಒಂದೊಂದು ಸಿಮ್ಮಿಗೂ ಎಪಿಎನ್ ಪಟ್ಟಿ ಬೇರೆ ಬೇರೆ. ಒಂದನೆಯ ಸಿಮ್ಮಿನ ಪಟ್ಟಿಯನ್ನು ಗಂಟೆಗಟ್ಟಲೆ ತಿದ್ದಿ, ಡೇಟಾ ಓಡುತ್ತಿರುವುದು ಎರಡನೆಯ ಸಿಮ್ಮಿನಲ್ಲಿ ಎಂದು ಕೊನೆಗೆ ಕಂಡುಕೊಂಡವರು ಕಡಿಮೆಯೇನಿಲ್ಲ.

ಪಟ್ಟಿ ತೆರೆದ ಕೂಡಲೇ ಏನನ್ನೂ ಬರೆಯಬೇಡಿ. ಮೇಲಿನ ಬಲಮೂಲೆಯ ಮೂರು ಚುಕ್ಕೆಗಳನ್ನು (ಕೆಲವು ಫೋನುಗಳಲ್ಲಿ ಪುಟದ ಕೆಳಗಿರುವ ಗುಂಡಿಯನ್ನು) ಒತ್ತಿ ‘ರಿಸೆಟ್ ಟು ಡಿಫಾಲ್ಟ್’ ಆಯ್ದುಕೊಳ್ಳಿ. ಸಿಮ್ಮಿನ ಗುರುತುಸಂಖ್ಯೆಯನ್ನು ಓದಿ ಯಾವ ಕಂಪನಿಗೆ ಯಾವ ಎಪಿಎನ್ ಎಂದು ಹುಡುಕುವ ಒಂದು ಕೋಷ್ಟಕ ಫೋನಿನೊಳಗೇ ಇದೆ. ರಿಸೆಟ್ ಮಾಡಿದರೆ ಫೋನು ಆ ಕೋಷ್ಟಕವನ್ನು ಮತ್ತೊಮ್ಮೆ ನೋಡಿ ಸರಿಯಾದ ಹೆಸರನ್ನು ತಾನೇ ತಂದಿಡುತ್ತದೆ. ನನ್ನ ಅನುಭವದಲ್ಲಿ ಹೆಚ್ಚಿನ ಫೋನುಗಳು ಇಷ್ಟಕ್ಕೇ ಸರಿಹೋಗುತ್ತವೆ.

ಸರಿಹೋಗದಿದ್ದರೆ ಕೂಡಿಸುವ ಚಿಹ್ನೆಯನ್ನು ಒತ್ತಿ ಹೊಸ ಎಪಿಎನ್ ಬರೆಯಬೇಕು. ಇಪ್ಪತ್ತರ ಹತ್ತಿರ ಖಾನೆಗಳು ತೆರೆದುಕೊಳ್ಳುತ್ತವೆ, ಅದನ್ನು ನೋಡಿ ಗಾಬರಿಯಾಗಬೇಕಿಲ್ಲ; ತುಂಬಬೇಕಾದವು ಎರಡೇ. ‘ನೇಮ್’ ಎಂಬ ಮೊದಲ ಖಾನೆ ನಮ್ಮ ಗುರುತಿಗೆ ಮಾತ್ರ, ಅಲ್ಲಿ ತಮ್ಮ ಮನೆಯ ಹೆಸರನ್ನು ಬರೆದರೂ ನಡೆಯುತ್ತದೆ. ಎರಡನೆಯ ‘ಎಪಿಎನ್’ ಖಾನೆಯೇ ನಿಜವಾದದ್ದು. ಬಿಎಸ್‌ಎನ್‌ಎಲ್ ಸಿಮ್ಮಿಗೆ ಇಲ್ಲಿ ಬಿ, ಎಸ್, ಎನ್, ಎಲ್, ಎನ್, ಇ, ಟಿ ಎಂಬ ಏಳು ಇಂಗ್ಲಿಷ್ ಅಕ್ಷರಗಳನ್ನು ಒತ್ತೊತ್ತಾಗಿ ಬರೆಯಬೇಕು. ಜಿಯೊಗೆ ಜೆ, ಐ, ಒ, ಎನ್, ಇ, ಟಿ ಎಂಬ ಆರು. ಏರ್‌ಟೆಲ್ಲಿಗೆ ಕಂಪನಿಯ ಹೆಸರಿನ ಆರು ಅಕ್ಷರ, ಅದಕ್ಕೆ ಅಂಟಿಕೊಂಡು ಜಿ, ಪಿ, ಆರ್, ಎಸ್, ಬಳಿಕ ಒಂದು ಚುಕ್ಕೆ, ಬಳಿಕ ಸಿ, ಒ, ಎಂ. ವಿಐ ಕಂಪನಿಯಲ್ಲಿ ಹಳೆಯ ವೊಡಾಫೋನ್ ಸಿಮ್ಮಿಗೆ ಡಬ್ಲ್ಯೂ ಎಂಬ ಅಕ್ಷರ ಮೂರು ಬಾರಿ, ಹಳೆಯ ಐಡಿಯಾ ಸಿಮ್ಮಿಗೆ ಇಂಟರ್‌ನೆಟ್ ಎಂಬ ಇಂಗ್ಲಿಷ್ ಪದ. ಎಲ್ಲವೂ ಸಣ್ಣ ಅಕ್ಷರಗಳಲ್ಲಿ. ಪ್ರಾಕ್ಸಿ, ಪೋರ್ಟ್, ಯೂಸರ್‌ನೇಮ್, ಪಾಸ್‌ವರ್ಡ್, ಸರ್ವರ್ ಇವೆಲ್ಲ ಖಾಲಿಯೇ ಇರಲಿ. ‘ಎಪಿಎನ್ ಟೈಪ್’ ಎಂಬಲ್ಲಿ ‘ಡಿಫಾಲ್ಟ್’ ಮತ್ತು ‘ಎಸ್‌ಯುಪಿಎಲ್’ ಎಂಬೆರಡು ಪದಗಳು ನಡುವೆ ಅಲ್ಪವಿರಾಮದೊಂದಿಗೆ ಇರಲಿ, ‘ಪ್ರೊಟೊಕಾಲ್’ ಎಂಬಲ್ಲಿ ಐಪಿವಿ4 ಮತ್ತು ಐಪಿವಿ6 ಎರಡೂ ಸೇರಿರುವ ಆಯ್ಕೆ ಇರಲಿ.

ಈಗ ತಾವು ಬರೆದದ್ದು ಉಳಿಯದ ಕಾರಣಕ್ಕೆ ಬರುತ್ತೇನೆ. ಸಾಧ್ಯತೆಗಳು ಎರಡು. ಎಲ್ಲ ತುಂಬಿದ ಮೇಲೆ ಮೂರು ಚುಕ್ಕೆಗಳನ್ನು ಒತ್ತಿ ‘ಸೇವ್’ ಎನ್ನಬೇಕು. ಸುಮ್ಮನೆ ಹಿಂದಕ್ಕೆ ಬಂದರೆ ಅನೇಕ ಫೋನುಗಳು ಬರೆದದ್ದನ್ನೆಲ್ಲ ಎಸೆದುಬಿಡುತ್ತವೆ. ಸೇವ್ ಮಾಡಿಯೂ ಪಟ್ಟಿಯಿಂದ ಮಾಯವಾದರೆ, ಎಂಸಿಸಿ ಮತ್ತು ಎಂಎನ್‌ಸಿ ಎಂಬ ಎರಡು ಖಾನೆಗಳನ್ನು ಚೀಟಿ ನೋಡಿ ಬದಲಾಯಿಸಿದ್ದೀರಿ ಎಂದು ಊಹಿಸುತ್ತೇನೆ. ಮೊದಲನೆಯದು ದೇಶದ ಸಂಕೇತ, ಭಾರತಕ್ಕೆ 404 ಅಥವಾ 405. ಎರಡನೆಯದು ಕಂಪನಿ ಮತ್ತು ವಲಯದ ಸಂಕೇತ. ಕರ್ನಾಟಕದಲ್ಲಿ ಬಿಎಸ್‌ಎನ್‌ಎಲ್ಲಿಗೆ 404ರ ಮುಂದೆ 71, ಏರ್‌ಟೆಲ್ಲಿಗೆ 404ರ ಮುಂದೆ 45, ಜಿಯೊಗೆ 405ರ ಮುಂದೆ 861. ಬೇರೆ ರಾಜ್ಯದವರು ಬರೆದಿಟ್ಟ ಪಟ್ಟಿಯನ್ನು ನಕಲು ಮಾಡಿದರೆ ಈ ಸಂಖ್ಯೆ ತಮ್ಮ ಸಿಮ್ಮಿಗೆ ಹೊಂದುವುದಿಲ್ಲ, ಹೊಂದದ್ದನ್ನು ಫೋನು ಪಟ್ಟಿಯಲ್ಲಿ ತೋರಿಸುವುದಿಲ್ಲ. ಅವು ಸಿಮ್ಮನ್ನು ಓದಿ ತಾನಾಗಿ ತುಂಬಿಕೊಳ್ಳುವ ಖಾನೆಗಳು, ಮುಟ್ಟದಿರುವುದೇ ಒಳ್ಳೆಯದು.

ಸೇವ್ ಆದ ಹೆಸರಿನ ಪಕ್ಕದ ಚಿಕ್ಕ ವೃತ್ತವನ್ನು ಒತ್ತಿ ಅದರಲ್ಲಿ ಬಣ್ಣ ತುಂಬಿದ್ದನ್ನು ನೋಡಿಕೊಳ್ಳಿ. ಅನಂತರ ಏರೋಪ್ಲೇನ್ ಮೋಡನ್ನು ಅರ್ಧ ನಿಮಿಷ ಹಾಕಿ ತೆಗೆಯಿರಿ. ಫೋನು ಬಾಗಿಲಿನ ಹೆಸರನ್ನು ಹೇಳುವುದು ಸಂಪರ್ಕ ಹೊಸದಾಗಿ ಏರ್ಪಡುವಾಗ. ಹಳೆಯ ಸಂಪರ್ಕ ಕಡಿಯದೆ ಹೊಸ ಹೆಸರಿಗೆ ಬೆಲೆ ಬರುವುದಿಲ್ಲ.

ನಾನೂ ಒಮ್ಮೆ ಇದರಲ್ಲಿ ಮುಗ್ಗರಿಸಿದ್ದೇನೆ. ಅಕ್ಷರಗಳೆಲ್ಲ ಸರಿಯಾಗಿದ್ದವು, ಸೇವ್ ಆಗಿತ್ತು, ವೃತ್ತ ತುಂಬಿತ್ತು, ಆದರೂ ನೆಟ್ ಇಲ್ಲ. ಎರಡು ದಿನ ಕಂಪನಿಯನ್ನು ಬೈದ ಮೇಲೆ, ಎಪಿಎನ್ ಖಾನೆಯ ಕೊನೆಯಲ್ಲಿ ಕರ್ಸರ್ ಇಟ್ಟು ನೋಡಿದರೆ ಅದು ಕೊನೆಯ ಅಕ್ಷರಕ್ಕೆ ತಾಗದೆ ಒಂದು ಅಕ್ಷರದಷ್ಟು ದೂರದಲ್ಲಿ ಮಿನುಗುತ್ತಿತ್ತು. ಕೀಬೋರ್ಡ್ ಸೂಚಿಸಿದ ಪದವನ್ನು ಒತ್ತಿದ್ದೆ. ಅದು ತನ್ನ ಅಭ್ಯಾಸದಂತೆ ಪದದ ಮುಂದೆ ಒಂದು ಖಾಲಿ ಜಾಗವನ್ನು ಸೇರಿಸಿತ್ತು. ಆದ್ದರಿಂದ ಸೂಚಿತ ಪದವನ್ನು ಒತ್ತದೆ ಒಂದೊಂದೇ ಅಕ್ಷರ ಒತ್ತಿ.

ತಮ್ಮ ಪತ್ರದಲ್ಲಿ ಇಲ್ಲದಿದ್ದರೂ ಸಿಮ್ ಬದಲಾಯಿಸುವ ಎಲ್ಲರಿಗೂ ಅನ್ವಯಿಸುವ ಒಂದು ಮಾತು: ಹೊಸ ಸಿಮ್ ಚಾಲನೆಯಾದ ಮೊದಲ 24 ಗಂಟೆ ಎಸ್ಸೆಮ್ಮೆಸ್ ಹೋಗುವುದೂ ಇಲ್ಲ, ಬರುವುದೂ ಇಲ್ಲ. ಬೇರೆಯವರ ಹೆಸರಿನಲ್ಲಿ ಸಿಮ್ ಪಡೆದು ಬ್ಯಾಂಕಿನ ಓಟಿಪಿ ಕದಿಯುವುದನ್ನು ತಡೆಯಲು ದೂರಸಂಪರ್ಕ ಇಲಾಖೆ ಮಾಡಿದ ನಿಯಮ ಅದು. ಕಂಪನಿ ಕಳುಹಿಸುವ ಸೆಟ್ಟಿಂಗ್ ಸಂದೇಶವೂ ಅಷ್ಟು ಹೊತ್ತು ಬರಲಾರದು, ಹಾಗಾಗಿ ಮೊದಲ ದಿನವೇ ಅಂಗಡಿಗೆ ಓಡಬೇಕಿಲ್ಲ.

ಪ್ರಶ್ನೆ: ನಮ್ಮ ಮನೆ ತೋಟದ ತಗ್ಗಿನಲ್ಲಿದೆ. ಮನೆಯೊಳಗೆ ಒಂದೇ ಗೆರೆ, ಅದೂ ಬಂದು ಹೋಗಿ ಮಾಡುತ್ತದೆ. ಗುಡ್ಡದ ತಲೆಗೆ ಹೋದರೆ ವಿಡಿಯೊ ಕೂಡ ಓಡುತ್ತದೆ. ಅಡಿಕೆ ದರ ನೋಡಲು ದಿನವೂ ಗುಡ್ಡ ಹತ್ತುವುದಾಗಿದೆ. ಎಪಿಎನ್ ಬದಲಾಯಿಸಿದರೆ ಮನೆಯಲ್ಲಿಯೂ ಸಿಕ್ಕೀತೇ?
— ಶಿರಸಿ ತಾಲೂಕಿನ ಹಳ್ಳಿಯಿಂದ

ಉತ್ತರ: ಸಿಗುವುದಿಲ್ಲ. ಗುಡ್ಡದ ಮೇಲೆ ವಿಡಿಯೊ ಓಡುತ್ತದೆ ಎಂದಮೇಲೆ ನಿಮ್ಮ ಎಪಿಎನ್ ಸರಿಯಾಗಿಯೇ ಇದೆ. ಅದನ್ನು ಮುಟ್ಟಿದರೆ ಗುಡ್ಡದ ಮೇಲಿನ ನೆಟ್ಟನ್ನೂ ಕಳೆದುಕೊಳ್ಳುತ್ತೀರಿ. ನಿಮ್ಮದು ಸಿಗ್ನಲ್ಲಿನ ತೊಂದರೆ.

ಗೆರೆಗಳನ್ನು ನಂಬಬೇಡಿ, ಒಂದೊಂದು ಕಂಪನಿಯ ಫೋನು ಒಂದೊಂದು ಲೆಕ್ಕದಲ್ಲಿ ಗೆರೆ ತೋರಿಸುತ್ತದೆ. ಸೆಟ್ಟಿಂಗ್ಸ್‌ನ ‘ಅಬೌಟ್ ಫೋನ್’ ಒಳಗೆ ಸಿಮ್ ಸ್ಟೇಟಸ್ ತೆರೆದರೆ ಸಿಗ್ನಲ್ ಬಲ ಡಿಬಿಎಂ ಎಂಬ ಅಳತೆಯಲ್ಲಿ ಕಾಣುತ್ತದೆ. ಅದು ಮೈನಸ್ ಸಂಖ್ಯೆಯಾದ್ದರಿಂದ ಅಂಕಿ ದೊಡ್ಡದಾದಷ್ಟೂ ಸಿಗ್ನಲ್ ದುರ್ಬಲ. 4ಜಿಯಲ್ಲಿ ಮೈನಸ್ 85ರ ಆಸುಪಾಸು ಚೆನ್ನಾಗಿದೆ ಎಂದರ್ಥ, ಮೈನಸ್ 100 ನಡೆಯುತ್ತದೆ, ಮೈನಸ್ 115 ದಾಟಿದರೆ ಸಂಪರ್ಕ ಯಾವ ಕ್ಷಣದಲ್ಲಿಯೂ ಕಡಿದೀತು. ಈ ಅಂಕಿಯನ್ನು ಹಿಡಿದುಕೊಂಡು ಜಗಲಿ, ಅಡುಗೆಮನೆ, ಅಂಗಳ, ಮೆತ್ತಿನ ಕಿಟಕಿ ಹೀಗೆ ಒಂದೊಂದು ಜಾಗದಲ್ಲಿ ಎರಡು ನಿಮಿಷ ನಿಂತು ಕಾಗದದಲ್ಲಿ ಬರೆದುಕೊಳ್ಳಿ. ದಪ್ಪ ಚಿರೆಕಲ್ಲಿನ ಗೋಡೆ, ತಗಡಿನ ಮಾಡು, ಮಳೆಯಲ್ಲಿ ತೊಯ್ದ ಮರಗಳ ಎಲೆ ಇವೆಲ್ಲ ಸಿಗ್ನಲ್ಲನ್ನು ತಿನ್ನುತ್ತವೆ, ಹೀಗಾಗಿ ಒಂದೇ ಮನೆಯಲ್ಲಿ ಹದಿನೈದು ಇಪ್ಪತ್ತು ಅಂಕಿಗಳ ವ್ಯತ್ಯಾಸ ಕಂಡರೆ ಆಶ್ಚರ್ಯವಿಲ್ಲ. ಎಲ್ಲಕ್ಕಿಂತ ಒಳ್ಳೆಯ ಅಂಕಿ ಬಂದ ಕಿಟಕಿಯಲ್ಲಿ ಹಳೆಯ ಫೋನೊಂದನ್ನು ಚಾರ್ಜರಿಗೆ ಹಾಕಿ, ಅದರ ಹಾಟ್‌ಸ್ಪಾಟ್ ಆನ್ ಮಾಡಿಟ್ಟರೆ ಕೆಳಗೆ ಕುಳಿತು ಬಳಸಬಹುದು. ದುಡ್ಡು ಖರ್ಚಾಗದ ಉಪಾಯಗಳಲ್ಲಿ ಇದೇ ಮೊದಲನೆಯದು.

ತರಂಗಾಂತರದ ಪಾತ್ರವೂ ಇದೆ. 700 ಅಥವಾ 850 ಮೆಗಾಹರ್ಟ್ಸಿನ ಅಲೆಗಳು ಗುಡ್ಡದ ಬಳಸುದಾರಿಯಲ್ಲಿ, ಗೋಡೆಯ ಒಳಗೆ 2300 ಮೆಗಾಹರ್ಟ್ಸಿನವುಗಳಿಗಿಂತ ಚೆನ್ನಾಗಿ ತಲುಪುತ್ತವೆ. ಬಿಎಸ್‌ಎನ್‌ಎಲ್ 4ಜಿಗೆ ಬಳಸುವ ತರಂಗಾಂತರಗಳಲ್ಲಿ 700 ಒಂದು; ಅದನ್ನು ಬ್ಯಾಂಡ್ 28 ಎನ್ನುತ್ತಾರೆ. ಹಳೆಯ ಫೋನುಗಳಲ್ಲಿ ಹಲವಕ್ಕೆ ಈ ಬ್ಯಾಂಡ್ ಹಿಡಿಯುವ ಶಕ್ತಿಯಿಲ್ಲ. ಪಕ್ಕದ ಮನೆಯವರ ಹೊಸ ಫೋನಿಗೆ ಸಿಗುವುದು ನಿಮ್ಮ ಫೋನಿಗೆ ಸಿಗದಿದ್ದರೆ, ಸಿಮ್ ಬದಲಾಯಿಸುವ ಮುನ್ನ ಫೋನಿನ ವಿವರಪಟ್ಟಿಯಲ್ಲಿ ಬ್ಯಾಂಡ್ 28 ಇದೆಯೇ ಎಂದು ನೋಡಿ.

ಫೈಬರ್ ಸಂಪರ್ಕ ನಿಮ್ಮ ಊರಿಗೆ ಬಂದಿದ್ದರೆ ಅದನ್ನು ಹಾಕಿಸಿಕೊಂಡು ಫೋನಿನಲ್ಲಿ ‘ವೈಫೈ ಕಾಲಿಂಗ್’ ಆನ್ ಮಾಡಿಕೊಳ್ಳುವುದು ಶಾಶ್ವತ ಪರಿಹಾರ. ಕಂಪನಿ ಆ ಸೌಲಭ್ಯ ಕೊಡುತ್ತಿದ್ದರೆ ಕರೆಗಳೂ ಅದರಲ್ಲಿಯೇ ಹೋಗುತ್ತವೆ. ಸಿಗ್ನಲ್ ಬೂಸ್ಟರ್ ಎಂದು ಮಾರುವ ಪೆಟ್ಟಿಗೆಯನ್ನು ಮಾತ್ರ ತರಿಸಬೇಡಿ. ಅನುಮತಿಯಿಲ್ಲದೆ ಅದನ್ನು ಹಚ್ಚುವುದು ಕಾನೂನಿಗೆ ವಿರುದ್ಧ, ಮೇಲಾಗಿ ಸುತ್ತಲಿನವರ ಸಿಗ್ನಲ್ಲನ್ನೂ ಅದು ಕೆಡಿಸುತ್ತದೆ.

ಪ್ರಶ್ನೆ: ಮನೆಯ ಮುಂದೆ ನೆಟ್ ಸಿಗುತ್ತದೆ, ಹಿತ್ತಲಿಗೆ ಹೋದರೆ ಗೆರೆಗಳ ಪಕ್ಕ ‘ಆರ್’ ಎಂಬ ಅಕ್ಷರ ಬಂದು ನೆಟ್ ನಿಲ್ಲುತ್ತದೆ. ಅಲ್ಲಿಗೆ ಬೇರೆ ಎಪಿಎನ್ ಬೇಕೇ?
— ಕಾರವಾರ ತಾಲೂಕಿನ ಮಾಜಾಳಿಯಿಂದ

ಉತ್ತರ: ಬೇಡ. ಆ ಅಕ್ಷರ ರೋಮಿಂಗಿನದು. ನಿಮ್ಮ ಹಿತ್ತಲಿನಲ್ಲಿ ಫೋನು ಗೋವಾದ ಟವರನ್ನು ಹಿಡಿಯುತ್ತಿದೆ. ದೂರಸಂಪರ್ಕದ ಲೆಕ್ಕದಲ್ಲಿ ಗೋವಾ ಮಹಾರಾಷ್ಟ್ರ ವಲಯಕ್ಕೆ ಸೇರಿದ್ದು, ನಿಮ್ಮ ಸಿಮ್ ಕರ್ನಾಟಕ ವಲಯದ್ದು. ಕಂಪನಿ ಒಂದೇ ಆಗಿದ್ದರೂ ಫೋನಿನ ಕಣ್ಣಿಗೆ ಅದು ಪರಸ್ಥಳ. ಸಿಮ್ ಸೆಟ್ಟಿಂಗಿನಲ್ಲಿ ‘ಡೇಟಾ ರೋಮಿಂಗ್’ ಆನ್ ಮಾಡಿದರೆ ಹಿತ್ತಲಿನಲ್ಲಿಯೂ ನೆಟ್ ಬರುತ್ತದೆ. ದೇಶದೊಳಗಿನ ರೋಮಿಂಗಿಗೆ ಈಗಿನ ಸಾಮಾನ್ಯ ಯೋಜನೆಗಳಲ್ಲಿ ಬೇರೆ ಹಣ ಕಡಿತವಾಗುವುದಿಲ್ಲ. ವಿಮಾನ ಹತ್ತಿ ಹೊರದೇಶಕ್ಕೆ ಹೋಗುವ ದಿನ ಮಾತ್ರ ಮರೆಯದೆ ಆಫ್ ಮಾಡಿ, ಅಲ್ಲಿ ಅದರ ಬಿಲ್ಲು ಎದೆ ಒಡೆಸುತ್ತದೆ. ಆನ್ ಮಾಡಿದ ಮೇಲೂ ಬಾರದಿದ್ದರೆ ಎಪಿಎನ್ ಪುಟದಲ್ಲಿ ‘ರೋಮಿಂಗ್ ಪ್ರೊಟೊಕಾಲ್’ ಎಂಬ ಬೇರೆಯೇ ಒಂದು ಖಾನೆ ಇದೆ, ಅದರಲ್ಲಿಯೂ ಐಪಿವಿ4 ಮತ್ತು ಐಪಿವಿ6 ಎರಡೂ ಇರುವ ಆಯ್ಕೆಯನ್ನೇ ಇಡಿ.

ಇದೇ ಗುಂಡಿ ಘಟ್ಟದ ಒಳಹಳ್ಳಿಗಳವರಿಗೂ ಉಪಯೋಗಕ್ಕೆ ಬರಬಹುದು. ಹಳ್ಳಿಗಾಡಿನ ದೂರಸಂಪರ್ಕಕ್ಕೆಂದು ಸರ್ಕಾರ ಇಟ್ಟಿರುವ ಡಿಜಿಟಲ್ ಭಾರತ ನಿಧಿಯ ನೆರವಿನಿಂದ ಕಟ್ಟಿದ ಟವರುಗಳಲ್ಲಿ ಒಂದು ಕಂಪನಿಯ ಟವರಿನಿಂದ ಇನ್ನೊಂದು ಕಂಪನಿಯ ಗ್ರಾಹಕರೂ 4ಜಿ ಪಡೆಯುವ ಏರ್ಪಾಡು 2025ರ ಜನವರಿಯಲ್ಲಿ ಆರಂಭವಾಗಿದೆ. ಜೊಯಿಡಾ, ಸಿದ್ದಾಪುರಗಳ ಕಾಡಿನ ಅಂಚಿನಲ್ಲಿ ನಿಮ್ಮ ಕಂಪನಿಯದಲ್ಲದ ಹೆಸರು ತೆರೆಯ ಮೇಲೆ ಕಂಡರೆ ಹೆದರದೆ ಡೇಟಾ ರೋಮಿಂಗ್ ಆನ್ ಮಾಡಿ ನೋಡಿ.

ಪ್ರಶ್ನೆ: ಎಪಿಎನ್‌ನಲ್ಲಿ ಸರ್ವರ್ ಎಂಬಲ್ಲಿ ಗೂಗಲ್ ವಿಳಾಸ ಹಾಕಿ, ಬೇರರ್ ಎಂಬಲ್ಲಿ ಎಲ್‌ಟಿಇ (ಅಂದರೆ 4ಜಿ) ಆಯ್ದುಕೊಂಡರೆ ವೇಗ ಮೂರು ಪಟ್ಟು ಆಗುತ್ತದೆ ಎಂದು ಒಂದು ವಿಡಿಯೊದಲ್ಲಿ ತೋರಿಸಿದ್ದಾರೆ. ಮಾಡಲೇ?
— ಶಿರಸಿಯ ಕಾಲೇಜು ವಿದ್ಯಾರ್ಥಿನಿ

ಉತ್ತರ: ಬೇಡಮ್ಮ. ಬಾಗಿಲಿನ ಹೆಸರು ಸರಿಯಿದ್ದರೆ ಒಳಗೆ ಬಿಡುತ್ತಾರೆ, ತಪ್ಪಿದ್ದರೆ ಬಿಡುವುದಿಲ್ಲ. ಹೆಸರನ್ನು ಚೆಂದವಾಗಿ ಬರೆದ ಮಾತ್ರಕ್ಕೆ ಬಾಗಿಲು ಅಗಲವಾಗುವುದಿಲ್ಲ. ಸರ್ವರ್ ಎಂಬ ಖಾನೆ ಹಿಂದಿನ ಕಾಲದ ಉಳಿಕೆ, ಈಗಿನ ಸಂಪರ್ಕದಲ್ಲಿ ಅದಕ್ಕೆ ಕೆಲಸವಿಲ್ಲ. ಬೇರರ್ ಎಂಬುದು ಯಾವ ಬಗೆಯ ಜಾಲದಲ್ಲಿರುವಾಗ ಈ ಎಪಿಎನ್ ಬಳಸಬೇಕು ಎಂದು ಹೇಳುತ್ತದೆ, ಅಷ್ಟೇ; ಅಲ್ಲಿ ಎಲ್‌ಟಿಇ ಒಂದನ್ನೇ ಆಯ್ದರೆ ಫೋನು 4ಜಿಯಿಂದ ಕೆಳಗಿಳಿದಾಗ ಇರುವ ಅಲ್ಪಸ್ವಲ್ಪ ನೆಟ್ಟೂ ಇಲ್ಲವಾದೀತು. ವೇಗವನ್ನು ತೀರ್ಮಾನಿಸುವುದು ಸಿಗ್ನಲ್ ಬಲ, ಟವರಿನ ಬಳಿಯಿರುವ ತರಂಗಾಂತರ, ಆ ಹೊತ್ತಿಗೆ ಅದೇ ಟವರನ್ನು ಹಂಚಿಕೊಂಡಿರುವ ಜನ, ಮತ್ತು ನಿಮ್ಮ ಯೋಜನೆಯ ದಿನದ ಮಿತಿ.

ವಿಡಿಯೊ ಮಾಡಿದವರು ತೋರಿಸಿದ ವೇಗವೂ ಪೂರ್ತಿ ಸುಳ್ಳಲ್ಲದಿರಬಹುದು. ಎಪಿಎನ್ ಬದಲಾಯಿಸಿದಾಗ ಸಂಪರ್ಕ ಕಡಿದು ಹೊಸದಾಗಿ ಏರ್ಪಡುತ್ತದೆ, ಆಗ ಕೆಲವೊಮ್ಮೆ ಫೋನು ದಟ್ಟಣೆ ಕಡಿಮೆಯಿರುವ ಬೇರೆ ಬ್ಯಾಂಡಿಗೆ ಹೋಗಿ ಕೂರುತ್ತದೆ. ಏರೋಪ್ಲೇನ್ ಮೋಡನ್ನು ಹಾಕಿ ತೆಗೆದರೂ ಅದೇ ಫಲ. ಮಾರಿಕಾಂಬಾ ಜಾತ್ರೆಯ ದಿನ ಪೇಟೆಯ ಮಧ್ಯದಲ್ಲಿ ನಿಂತು ಯಾವ ಎಪಿಎನ್ ಹಾಕಿದರೂ ಫೋಟೊ ಕಳುಹಿಸಲಾಗದ್ದನ್ನು ನೀವೇ ನೋಡಿರುತ್ತೀರಿ.

ಪ್ರಶ್ನೆ: ಅಣ್ಣ ದುಬೈಯಿಂದ ತಂದ ಫೋನಿಗೆ ಇಲ್ಲಿಯ ಸಿಮ್ ಹಾಕಿದಾಗ ಎಪಿಎನ್ ಪಟ್ಟಿ ಖಾಲಿಯಿತ್ತು. ಬರೆದ ಮೇಲೆ ನೆಟ್ ಬಂತು. ಆದರೆ ಯಾರಾದರೂ ಕರೆ ಮಾಡಿದ ಕೂಡಲೇ ನೆಟ್ ನಿಲ್ಲುತ್ತದೆ, ಕರೆ ಮುಗಿದರೆ ಮರಳುತ್ತದೆ. ಏನು ತಪ್ಪಾಗಿದೆ?
— ಭಟ್ಕಳದಿಂದ

ಉತ್ತರ: ನೀವು ಬರೆದ ಎಪಿಎನ್‌ನಲ್ಲಿ ತಪ್ಪಿಲ್ಲ. ಆ ದೇಶಕ್ಕೆಂದು ಸಿದ್ಧಪಡಿಸಿದ ಫೋನಿನ ತಂತ್ರಾಂಶದಲ್ಲಿ ನಮ್ಮ ಕಂಪನಿಯ ವಿವರ ಇಲ್ಲದಿದ್ದರೆ ಎಪಿಎನ್ ಖಾಲಿಯಾಗುವುದರ ಜೊತೆಗೆ ವೋಲ್ಟಿಯೂ ಚಾಲನೆಯಾಗುವುದಿಲ್ಲ. ಆಗ ಕರೆ ಬಂದಾಗಲೆಲ್ಲ ಫೋನು 4ಜಿ ಬಿಟ್ಟು 2ಜಿಗೆ ಇಳಿಯುತ್ತದೆ, 2ಜಿಯಲ್ಲಿ ಮಾತು ನಡೆಯುವಷ್ಟು ಹೊತ್ತು ಡೇಟಾ ನಿಲ್ಲುತ್ತದೆ. 2ಜಿ ಜಾಲವೇ ಇಲ್ಲದ ಜಿಯೊ ಸಿಮ್ ಹಾಕಿದ್ದರೆ ಇಂಥ ಫೋನಿನಲ್ಲಿ ಕರೆಯೇ ಬರುತ್ತಿರಲಿಲ್ಲ. ಸಿಮ್ ಸೆಟ್ಟಿಂಗಿನಲ್ಲಿ ವೋಲ್ಟಿ ಅಥವಾ ‘4ಜಿ ಕಾಲಿಂಗ್’ ಗುಂಡಿಯನ್ನು ಹುಡುಕಿ ಆನ್ ಮಾಡಿ. ಗುಂಡಿಯೇ ಕಾಣದಿದ್ದರೆ ವೈಫೈ ಮೂಲಕ ತಂತ್ರಾಂಶವನ್ನು ನವೀಕರಿಸಿ, ಇಲ್ಲಿಯ ಸಿಮ್ ಒಳಗಿಟ್ಟು ಒಮ್ಮೆ ಫೋನನ್ನು ಆಫ್ ಮಾಡಿ ಆನ್ ಮಾಡಿ. ಎಪಿಎನ್ ಟೈಪಿನಲ್ಲಿ ಕೈಯಾರೆ ‘ಐಎಂಎಸ್’ ಎಂದು ಸೇರಿಸುವ ಸಲಹೆಯನ್ನು ಅನೇಕರು ಕೊಡುತ್ತಾರೆ. ತಂತ್ರಾಂಶ ಒಪ್ಪದೆ ಆ ಪದದಿಂದ ಏನೂ ಆಗುವುದಿಲ್ಲ.

ಐಫೋನ್ ತಂದವರು ಎಪಿಎನ್ ಖಾನೆಯೇ ಕಾಣುತ್ತಿಲ್ಲ ಎಂದು ಬರೆದಿದ್ದಾರೆ. ಅದರಲ್ಲಿ ಕಂಪನಿ ಅನುಮತಿಸಿದರೆ ಮಾತ್ರ ಆ ಪುಟ ಕಾಣುತ್ತದೆ. ‘ಜನರಲ್’ ಒಳಗಿನ ‘ಅಬೌಟ್’ ತೆರೆದು ಒಂದು ನಿಮಿಷ ಕಾದರೆ, ಕಂಪನಿಯ ಹೊಸ ಸೆಟ್ಟಿಂಗ್ ಇದ್ದಲ್ಲಿ ಹಾಕಿಕೊಳ್ಳಲೇ ಎಂದು ಅದೇ ಕೇಳುತ್ತದೆ. ಕೊನೆಯ ಉಪಾಯವಾಗಿ ‘ರಿಸೆಟ್ ನೆಟ್‌ವರ್ಕ್ ಸೆಟ್ಟಿಂಗ್ಸ್’ ಇದೆ. ಫೋಟೊಗಳಿಗೆ ಅದರಿಂದ ಅಪಾಯವಿಲ್ಲ, ಆದರೆ ಉಳಿಸಿಕೊಂಡ ವೈಫೈ ಪಾಸ್‌ವರ್ಡುಗಳೆಲ್ಲ ಹೋಗುತ್ತವೆ.

ಪ್ರಶ್ನೆ: ‘ನಿಮ್ಮ ಇಂಟರ್‌ನೆಟ್ ಸೆಟ್ಟಿಂಗ್ ಹಳೆಯದಾಗಿದೆ, ಇನ್‌ಸ್ಟಾಲ್ ಮಾಡಿ, ಪಿನ್ 1234’ ಎಂಬ ಸಂದೇಶ ಬಂದಿದೆ. ಒತ್ತಬಹುದೇ?
— ಕುಮಟಾದ ಅಂಗಡಿಕಾರರು

ಉತ್ತರ: ನೀವಾಗಿ ಕೇಳಿ ತರಿಸಿಕೊಳ್ಳದ ಸೆಟ್ಟಿಂಗನ್ನು ಒತ್ತಬೇಡಿ. ಸಂದೇಶದ ಮೂಲಕ ಎಪಿಎನ್ ಕಳುಹಿಸಿ, ಸಣ್ಣದೊಂದು ಪಿನ್ ಒತ್ತಿಸಿ ಅದನ್ನು ಫೋನಿನಲ್ಲಿ ಕೂರಿಸುವ ಪದ್ಧತಿ ನಿಜವಾಗಿಯೂ ಇದೆ, ಗುಂಡಿ ಫೋನುಗಳ ಕಾಲದಿಂದ ಬಂದದ್ದು. ತೊಂದರೆ ಏನೆಂದರೆ, ಆ ಸಂದೇಶ ಕಂಪನಿಯಿಂದಲೇ ಬಂದಿದೆ ಎಂದು ತಿಳಿಯುವ ಗಟ್ಟಿಯಾದ ವ್ಯವಸ್ಥೆ ಅದರಲ್ಲಿಲ್ಲ. ಚೆಕ್ ಪಾಯಿಂಟ್ ಎಂಬ ಭದ್ರತಾ ಸಂಸ್ಥೆಯ ಸಂಶೋಧಕರು 2019ರಲ್ಲಿ ಇದನ್ನೇ ತೋರಿಸಿಕೊಟ್ಟರು: ಹೊರಗಿನವರು ಕಳುಹಿಸಿದ ನಕಲಿ ಸೆಟ್ಟಿಂಗನ್ನು ಒಪ್ಪಿಕೊಂಡರೆ ಫೋನಿನ ಇಂಟರ್‌ನೆಟ್ ವ್ಯವಹಾರವನ್ನು ಅವರ ಪ್ರಾಕ್ಸಿಯ, ಅಂದರೆ ನಡುವೆ ಕುಳಿತು ಎಲ್ಲವನ್ನೂ ದಾಟಿಸುವ ಕಂಪ್ಯೂಟರಿನ, ಮೂಲಕ ಹರಿಸಬಹುದು.

ಈಗಾಗಲೇ ಒತ್ತಿದವರು ಎಪಿಎನ್ ಪುಟ ತೆರೆದು ಪ್ರಾಕ್ಸಿ ಮತ್ತು ಪೋರ್ಟ್ ಖಾನೆಗಳಲ್ಲಿ ಏನಾದರೂ ಕುಳಿತಿದೆಯೇ ಎಂದು ನೋಡಿ, ಇದ್ದರೆ ರಿಸೆಟ್ ಟು ಡಿಫಾಲ್ಟ್ ಮಾಡಿ. ಸಂದೇಶದಲ್ಲಿ ಆ್ಯಪ್ ಇಳಿಸುವ ಕೊಂಡಿ ಇದ್ದರೆ, ಅಥವಾ ಯುಪಿಐ ಪಿನ್ ಕೇಳಿದ್ದರೆ ಅದಕ್ಕೂ ಎಪಿಎನ್‌ಗೂ ಸಂಬಂಧವೇ ಇಲ್ಲ, ಅದು ಶುದ್ಧ ಮೋಸ. ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಸೆಟ್ಟಿಂಗ್ ನಿಜಕ್ಕೂ ಬೇಕೆನಿಸಿದರೆ ಕಂಪನಿಯ ಗ್ರಾಹಕ ಸೇವೆಗೆ ನೀವೇ ಕರೆ ಮಾಡಿ ಕೇಳಿ ಪಡೆಯಿರಿ.

ಪ್ರಶ್ನೆ: ನಾವು ಮೀನುಗಾರರು. ಫೋನ್ ಸರಿಮಾಡಲು ಹೋಗಿ ಎಪಿಎನ್ ಟೈಪಿನಲ್ಲಿದ್ದ ‘ಎಸ್‌ಯುಪಿಎಲ್’ ಎಂಬ ಪದವನ್ನು ಅಳಿಸಿಬಿಟ್ಟೆ. ನೆಟ್ ಸರಿಯಿದೆ, ಆದರೆ ಮ್ಯಾಪಿನಲ್ಲಿ ನಾವಿರುವ ಚುಕ್ಕೆ ಬರುವುದು ಮೊದಲಿಗಿಂತ ತಡವಾಗಿದೆ ಎನಿಸುತ್ತದೆ. ಇದಕ್ಕೂ ಅದಕ್ಕೂ ಸಂಬಂಧವಿದೆಯೇ?
— ಹೊನ್ನಾವರದಿಂದ

ಉತ್ತರ: ಇರಬಹುದು, ಮತ್ತು ನೀವು ಅದನ್ನು ಗಮನಿಸಿದ್ದು ಮೆಚ್ಚುವಂಥದ್ದು. ಜಿಪಿಎಸ್ ಉಪಗ್ರಹಗಳು ಎಲ್ಲಿವೆ ಎಂಬ ಮಾಹಿತಿಯನ್ನು ಇಂಟರ್‌ನೆಟ್ ಮೂಲಕ ಮೊದಲೇ ತಂದುಕೊಂಡು ಫೋನಿಗೆ ನೆರವಾಗುವ ವ್ಯವಸ್ಥೆಯೇ ಎಸ್‌ಯುಪಿಎಲ್. ಅದು ಇಲ್ಲದಿದ್ದರೂ ಚುಕ್ಕೆ ಬರುತ್ತದೆ, ಏಕೆಂದರೆ ಅದೇ ಮಾಹಿತಿಯನ್ನು ಉಪಗ್ರಹಗಳೂ ಆಕಾಶದಿಂದ ಸಾರುತ್ತಿರುತ್ತವೆ. ಆದರೆ ಒಂದು ಉಪಗ್ರಹ ತನ್ನ ವಿವರವನ್ನು ಒಮ್ಮೆ ಸಾರಲು 30 ಸೆಕೆಂಡು ಹಿಡಿಯುತ್ತದೆ, ನಡುವೆ ಸಂಕೇತ ತಪ್ಪಿದರೆ ಮತ್ತೆ ಮೊದಲಿನಿಂದ ಕಾಯಬೇಕು. ಎಪಿಎನ್ ಟೈಪಿನಲ್ಲಿ ‘ಡಿಫಾಲ್ಟ್’ ಪದದ ಮುಂದೆ ಅಲ್ಪವಿರಾಮ ಹಾಕಿ, ಜಾಗ ಬಿಡದೆ ಎಸ್, ಯು, ಪಿ, ಎಲ್ ಎಂಬ ನಾಲ್ಕು ಸಣ್ಣ ಅಕ್ಷರಗಳನ್ನು ಮತ್ತೆ ಸೇರಿಸಿ ಸೇವ್ ಮಾಡಿ.

ಕಡಲಿನಲ್ಲಿ ನೆಟ್ ಕಳೆದುಹೋಗುವುದಕ್ಕೆ ಯಾವ ಸೆಟ್ಟಿಂಗೂ ಮದ್ದಲ್ಲ. ಸಾಮಾನ್ಯ 2ಜಿ ಟವರಿನ ಲೆಕ್ಕಾಚಾರವೇ 35 ಕಿಲೋಮೀಟರಿಗೆ ಮುಗಿಯುತ್ತದೆ, ಬಳಕೆಗೆ ಸಿಗುವ ದೂರ ಅದಕ್ಕಿಂತಲೂ ಕಡಿಮೆ. ನೆಟ್‌ವರ್ಕ್ ಮೋಡನ್ನು 4ಜಿ ಮಾತ್ರ ಎಂದು ಕಟ್ಟಿಹಾಕದೆ ಆಟೊಮ್ಯಾಟಿಕ್‌ನಲ್ಲಿ ಬಿಟ್ಟರೆ ಕರೆಯಾದರೂ ಇನ್ನಷ್ಟು ದೂರ ಉಳಿದೀತು. ಮ್ಯಾಪಿಗೆ ಬೇಕಾದ ನಕ್ಷೆಯನ್ನು ಮನೆಯಲ್ಲಿಯೇ ಆಫ್‌ಲೈನಿಗೆ ಇಳಿಸಿಕೊಂಡು, ಧಕ್ಕೆಯಲ್ಲಿ ಬಲೆ ಏರಿಸುವಾಗಲೇ ಮ್ಯಾಪ್ ತೆರೆದಿಡಿ. ದೋಣಿ ಶರಾವತಿಯ ಅಳಿವೆ ದಾಟುವ ಹೊತ್ತಿಗೆ ಚುಕ್ಕೆ ಬಂದು ನಿಂತಿರುತ್ತದೆ, ಅಲ್ಲಿಂದ ಮುಂದೆ ಅದಕ್ಕೆ ನೆಟ್ ಬೇಕಾಗುವುದಿಲ್ಲ.